ಶ್ರೀರಂಜನಿ ಕಟ್ಟಿದ ಖರ್ಜೂರದುಂಡೆ

ಜಾಲಹಳ್ಳಿಯ ಆ ಬೀದಿಯವರಿಗೆ ಬೇಕರಿ ತಿಂಡಿಯ ಚಟ ಬಿಡಿಸಿದವಳು ತಾನೇ ಎಂಬ ಹೆಮ್ಮೆ ಶ್ರೀರಂಜನಿಗಿತ್ತು. ಬೀಜ ತೆಗೆದ ಖರ್ಜೂರ, ನೆನೆಸಿ ಅರೆದ ಅಂಜೂರ, ಒಂದೇ ಚಮಚ ತುಪ್ಪದಲ್ಲಿ ಹುರಿದು ತರಿತರಿಯಾಗಿ ಕುಟ್ಟಿದ ಬಾದಾಮಿ, ಗೋಡಂಬಿ. ಎಲ್ಲವನ್ನೂ ಬಿಸಿ ಆರುವ ಮೊದಲೇ ನಾದಿ ನಿಂಬೆಗಾತ್ರದ ಉಂಡೆ ಕಟ್ಟುತ್ತಿದ್ದಳು. ಸಕ್ಕರೆಯೂ ಇಲ್ಲ, ಬೆಲ್ಲವೂ ಇಲ್ಲ. ಗಂಡ ಸುಧೀಂದ್ರ ಕಾರ್ಖಾನೆಗೆ ಡಬ್ಬಿಯಲ್ಲಿ ಒಯ್ದದ್ದು ಹೊಗಳಿಕೆಯ ಜೊತೆ ಖಾಲಿಯಾಗಿ ಬರುತ್ತಿತ್ತು. ಆಮೇಲೆ ಅಕ್ಕಪಕ್ಕದವರೂ ಕೇಳತೊಡಗಿದರು.

ಎರಡು ಮನೆ ಆಚೆ ವಾದಿರಾಜರಿದ್ದರು. ಅದೇ ಕಾರ್ಖಾನೆಯಿಂದ ನಿವೃತ್ತರು, ಹೆಂಡತಿ ತೀರಿಕೊಂಡು ಮೂರು ವರ್ಷ. ಮಗಳು ಸಮನ್ವಿತಾ ಕುಂದಲಹಳ್ಳಿಯಿಂದ ಭಾನುವಾರ ಬಂದು ಹೋಗುತ್ತಿದ್ದಳು. ಉಳಿದ ದಿನ ಕೃಷ್ಣಮ್ಮ ಬಂದು ಅಡುಗೆ ಮಾಡುತ್ತಿದ್ದಳು. ಶ್ರೀರಂಜನಿ ಉಂಡೆ ಕೊಡಲು ಹೋದ ದಿನ ರಾಯರು ಕೈ ಹಿಂದೆಗೆದರು.

"ಬೇಡಮ್ಮಾ. ಕಿಡ್ನಿ ವೀಕಾಗಿದೆ. ಬಾಳೆಹಣ್ಣು, ಎಳನೀರು, ಒಣಹಣ್ಣು ಎಲ್ಲ ಬಿಡಬೇಕಂತೆ, ಅದರಲ್ಲೆಲ್ಲ ಪೊಟ್ಯಾಸಿಯಂ ಜಾಸ್ತಿಯಂತೆ."

"ಮನೇಲಿ ಮಾಡಿದ್ದು ರಾಯರೇ, ಇದರಿಂದ ಏನಾಗತ್ತೆ? ಡಾಕ್ಟ್ರು ಎಲ್ಲಾನೂ ಬೇಡ ಅಂತಾನೇ ಹೇಳ್ತಾರೆ. ದಿನಕ್ಕೆರಡು ತಿನ್ನಿ, ಶಕ್ತಿ ಬರತ್ತೆ."

ಸಪ್ಪೆ ಊಟ ಉಂಡು ಬೇಸತ್ತಿದ್ದ ಜೀವ. ರಾಯರು ಡಬ್ಬಿ ತೆಗೆದುಕೊಂಡರು. ಮುಂದಿನ ವಾರ ಖಾಲಿ ಡಬ್ಬಿ ಹಿಡಿದು ಅವರೇ ಬಂದರು.

ಮೂರನೆಯ ಡಬ್ಬಿ ಕೊಟ್ಟ ಕೆಲವೇ ದಿನಕ್ಕೆ, ಬೆಳಿಗ್ಗೆ ಕೆಲಸಕ್ಕೆ ಬಂದ ಕೃಷ್ಣಮ್ಮ ಕೂಗಿಕೊಂಡಳು. ರಾಯರು ಬಾಗಿಲ ಬಳಿ ಕುಸಿದಿದ್ದರು, ಕಾಲಲ್ಲಿ ಬಲವೇ ಇರಲಿಲ್ಲ. ಸುಧೀಂದ್ರ, ಶ್ರೀರಂಜನಿ ಇಬ್ಬರೂ ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿ ಎದೆಬಡಿತ ತಪ್ಪುತ್ತಿದೆ ಎಂದರು ಡಾಕ್ಟರು.

ಸಮನ್ವಿತಾ ಆಸ್ಪತ್ರೆಗೆ ಓಡಿಬಂದಳು. "ಆಂಟಿ, ಅಪ್ಪ ಬೇರೆ ಏನಾದ್ರೂ ತಿಂತಿದ್ರಾ?"

"ನಂಗೇನು ಗೊತ್ತಮ್ಮಾ," ಎಂದುಬಿಟ್ಟಳು ಶ್ರೀರಂಜನಿ. ಮಾತು ತಾನಾಗಿಯೇ ಬಂದಿತ್ತು.

ರಾಯರ ಪಂಚೆ, ಟವೆಲ್ ತರಲು ಸಮನ್ವಿತಾ ಬೀಗದ ಕೈಯನ್ನು ಶ್ರೀರಂಜನಿಗೇ ಕೊಟ್ಟಳು. ಬೀರುವಿನಲ್ಲಿ, ಕೃಷ್ಣಮ್ಮನ ಕಣ್ಣಿಗೆ ಬೀಳದಂತೆ ಪಂಚೆಗಳ ಹಿಂದೆ ಡಬ್ಬಿ ಇತ್ತು, ಒಳಗೆ ನಾಲ್ಕು ಉಂಡೆ. ಅದನ್ನು ಸೆರಗಿನಡಿ ಮುಚ್ಚಿಕೊಂಡು ತನ್ನ ಮನೆಗೆ ಒಯ್ದಳು. ಉಂಡೆಗಳನ್ನು ಕಸಕ್ಕೆ ಹಾಕಿ, ಡಬ್ಬಿ ತೊಳೆದು ಬೋರಲಿಟ್ಟಳು.

ಎರಡು ಸಲ ಡಯಾಲಿಸಿಸ್ ಆದ ಮೇಲೆ ರಾಯರು ಕಣ್ಣು ಬಿಟ್ಟು ಮಾತಾಡಿದರು, ಉಂಡೆಯ ವಿಷಯ ಮಾತ್ರ ಮಗಳ ಮುಂದೆ ಎತ್ತಲಿಲ್ಲ. ಶ್ರೀರಂಜನಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇನ್ನು ಯಾರಿಗೂ ತಿಳಿಯದು ಎಂದು ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಮರುದಿನ ಕೃಷ್ಣಮ್ಮ ಅಳುತ್ತ ಬಂದಳು. "ಕೆಲಸ ಬಿಡ್ಸವ್ರೆ ಅಕ್ಕಾ. ನಾನೇ ಏನೋ ಬೇಯಿಸಿ ಆಕ್ದೆ ಅಂತ ರಾಯರ ಮಗಳು ಅಂದ್ಬಿಟ್ರು. ಡಾಕ್ಟ್ರು ಯೇಳ್ದಂಗೇ ತರಕಾರಿ ಬೇಯ್ಸಿ ನೀರು ಬಸೀತಿದ್ದೆ. ಒಂದಿನಾನೂ ತಪ್ಪಿಲ್ಲ."

ಶ್ರೀರಂಜನಿಗೆ ಅವಳ ಮುಖ ನೋಡಲಾಗಲಿಲ್ಲ. "ಕೂತ್ಕೋ" ಎಂದು ನೀರು ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ನೇರ ಆಸ್ಪತ್ರೆಗೆ ಹೋದಳು.

ರಾಯರ ಮಂಚದ ಪಕ್ಕದಲ್ಲೇ ಎಲ್ಲ ಹೇಳಿದಳು. ಸಮನ್ವಿತಾ ಕುರ್ಚಿಯಿಂದ ಎದ್ದು ನಿಂತಳು.

"ತಿನ್ಬಾರ್ದು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವರೇ ಹೇಳಿದ್ರು. ನಾನೇ ಬಲವಂತ ಮಾಡ್ದೆ. ಡಬ್ಬೀನೂ ನಾನೇ ಬಚ್ಚಿಟ್ಟೆ."

"ಬಾಯಿ ನಂದು, ತಿಂದೋನು ನಾನು. ಅವಳನ್ನ ಬೈಬೇಡ," ಎಂದರು ರಾಯರು. ಮಗಳು ಬೈದಿದ್ದರೆ ಶ್ರೀರಂಜನಿಗೆ ಅಷ್ಟು ನೋಯುತ್ತಿರಲಿಲ್ಲ.

ಸಮನ್ವಿತಾ ಅವತ್ತೇ ಫೋನ್ ಮಾಡಿ ಕೃಷ್ಣಮ್ಮನ ಕ್ಷಮೆ ಕೇಳಿದಳು. ಶ್ರೀರಂಜನಿ ಅವಳ ಮನೆಗೇ ಹೋಗಿ ಕೆಲಸಕ್ಕೆ ಮರಳಿ ಬರಲು ಕರೆದಳು. ಅಷ್ಟರಲ್ಲಿ ಕೃಷ್ಣಮ್ಮ ಬೇರೆ ಮನೆ ಒಪ್ಪಿಕೊಂಡಿದ್ದಳು.

"ಬ್ಯಾಡ ಅಕ್ಕಾ. ಆ ಮನೆ ಒಲೆ ಮುಂದೆ ನಿಂತ್ಕೊಳಕ್ಕೆ ಇನ್ನು ಮನಸ್ಸು ಬರಾಕಿಲ್ಲ."

ರಾಯರ ಅಡುಗೆಯನ್ನು ತಾನೇ ಮಾಡುತ್ತೇನೆಂದು ಶ್ರೀರಂಜನಿ ಕೇಳಿಕೊಂಡಳು. "ಬೇಡ ಆಂಟಿ" ಎಂದಳು ಸಮನ್ವಿತಾ, ಮೆಲ್ಲಗೆ. ಅಪ್ಪನನ್ನು ಕುಂದಲಹಳ್ಳಿಗೆ ಕರೆದೊಯ್ದಳು.

ಈಗಲೂ ಯಾರಾದರೂ ಕೇಳಿದರೆ ಶ್ರೀರಂಜನಿ ಉಂಡೆ ಕಟ್ಟುತ್ತಾಳೆ. ತಿನ್ನುವವರು ಯಾರು, ಅವರಿಗೇನು ಕಾಯಿಲೆ ಎಂದು ಮೊದಲು ವಿಚಾರಿಸುತ್ತಾಳೆ. ಕೆಲವರಿಗೆ ಇದು ಅತಿಯಾಯಿತು ಅನ್ನಿಸುತ್ತದೆ. ಅವಳು ಮಾತ್ರ ಯಾರಿಗೂ "ಏನಾಗತ್ತೆ, ತಿನ್ನಿ" ಎನ್ನುವುದಿಲ್ಲ.