ಹೆಸರು ಹೇಳದ ಪ್ರಾರ್ಥನೆ

ನನ್ನಪ್ಪ ಕಳ್ಳರಲ್ಲ, ಕುಡುಕರಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಅವರ ವಿಷಯ ಎತ್ತಿದಾಗಲೆಲ್ಲ ನಮ್ಮ ಚರ್ಚಿನ ಸಭೆಯವರು ನನ್ನ ಬಾಯಿ ಮುಚ್ಚಿಸುವುದು ಇದನ್ನೇ ಹೇಳಿ. ಅಂಥ ದೇವರಂಥ ಮನುಷ್ಯರ ಬಗ್ಗೆ ಮಗಳಾಗಿ ಹೀಗೆ ಮಾತಾಡಬಹುದೇ ಅನ್ನುತ್ತಾರೆ. ಮಗಳಾಗಿರುವುದರಿಂದಲೇ ಮಾತಾಡುತ್ತೇನೆ. ದೊಡ್ಡ ಪಾಪ ಮಾಡದವರು ಸಣ್ಣದರಲ್ಲಿ ಏನು ಮಾಡಿದರೂ ನಡೆಯುತ್ತದೆ ಅನ್ನುವ ಧೋರಣೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಪ್ಪನದು ಔಷಧಿ ಅಂಗಡಿ. ಬಸ್ ಸ್ಟಾಪಿನ ಎದುರಿಗೆ, ಎರಡು ಆಳು ಅಗಲದ ಜಾಗ. ಗೋಡೆಯುದ್ದಕ್ಕೂ ಮರದ ಗೂಡುಗಳು, ಮುಂದೆ ಗಾಜಿನ ಕೌಂಟರು, ಅದರ ಮೂಲೆಯ ಬಿರುಕಿಗೆ ಅಂಟಿಸಿದ ಹಳೇ ಪ್ಲಾಸ್ಟರು. ಇಪ್ಪತ್ತೆಂಟು ವರ್ಷದಲ್ಲಿ ಆ ಕೌಂಟರಿನ ಮೇಲಿಂದ ಒಂದೇ ಒಂದು ತಪ್ಪು ಮಾತ್ರೆ ಯಾರ ಕೈಗೂ ಹೋಗಿಲ್ಲ. ಚೀಟಿಯನ್ನು ಮೂರು ಸಲ ಓದುತ್ತಾರೆ. ಡಾಕ್ಟರ ಅಕ್ಷರ ಅರ್ಥವಾಗದಿದ್ದರೆ ಷಟರು ಅರ್ಧ ಇಳಿಸಿ, ಎರಡು ಬೀದಿ ದಾಟಿ, ಕ್ಲಿನಿಕ್ಕಿಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಬೀದಿಯ ಮಕ್ಕಳೆಲ್ಲ ಅವರನ್ನು ಕರೆಯುವುದು 'ಮಾತ್ರೆ ಅಂಕಲ್' ಅಂತ.

ಮಾತ್ರೆಯ ವಿಷಯದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವ ಈ ಮನುಷ್ಯ ತನ್ನ ನಾಲಿಗೆಯ ವಿಷಯದಲ್ಲಿ ಯಾವಾಗ ಸಡಿಲವಾದರೋ ನಮಗೆ ಗೊತ್ತಾಗಲೇ ಇಲ್ಲ.

ನಾನು ಚಿಕ್ಕವಳಿದ್ದಾಗ ಅಪ್ಪ ಬೆಳಿಗ್ಗೆ ಮಂಚದ ಪಕ್ಕ ಮೊಣಕಾಲೂರಿ ಅರ್ಧ ಗಂಟೆ ಪ್ರಾರ್ಥಿಸುತ್ತಿದ್ದರು. ಬಾಗಿಲು ಮುಚ್ಚಿರುತ್ತಿತ್ತು. ಅಷ್ಟೊತ್ತು ಅಮ್ಮ ಪಾತ್ರೆ ಸದ್ದು ಮಾಡಲೂ ಬಿಡುತ್ತಿರಲಿಲ್ಲ. ಸಭೆಯ ಹಿರಿಯರಾದ ಮೇಲೆ ಮೊಣಕಾಲು ಹೋಗಿ ಕುರ್ಚಿ ಬಂತು. ಆಮೇಲೆ ಬಾಗಿಲು ತೆರೆದೇ ಇರತೊಡಗಿತು. ಕೊನೆಕೊನೆಗೆ ಗಲ್ಲಕ್ಕೆ ಸೋಪಿನ ನೊರೆ ಹಚ್ಚಿಕೊಂಡು, ಕನ್ನಡಿ ನೋಡುತ್ತಲೇ ಪ್ರಾರ್ಥನೆ ಮುಗಿಸಿ, ಆಮೆನ್ ಅನ್ನುತ್ತಲೇ ರೇಜರು ಎತ್ತಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಹಿರಿಯರ ಕೆಲಸದಲ್ಲಿ ಮನೆಭೇಟಿಯೂ ಒಂದು. ಅಪ್ಪ ಸ್ಕೂಟರಿನಿಂದ ಇಳಿಯುತ್ತಲೇ ಇರಲಿಲ್ಲ. ಗೇಟಿನ ಹತ್ತಿರ ಒಂದು ಕಾಲೂರಿ, ಎಲ್ಲ ಚೆನ್ನಾಗಿದ್ದೀರಾ ಎಂದು ಕೇಳಿ, ಅವರು ತಲೆ ಆಡಿಸಿದರೆ ಮುಂದಿನ ಗೇಟಿಗೆ. ತಿಂಗಳ ಮೊದಲ ಭಾನುವಾರ ಸಭೆಯ ಮುಂದೆ ನಿಂತು, ಹನ್ನೊಂದು ಮನೆಗಳನ್ನು ಸಂದರ್ಶಿಸಿ ಪ್ರಾರ್ಥಿಸಲು ಕರ್ತನು ಕೃಪೆ ಕೊಟ್ಟನು ಅನ್ನುತ್ತಿದ್ದರು. ಇನ್ನು ಅವರ ಸಾಕ್ಷಿ, ಅಂದರೆ ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯ ಮುಂದೆ ಹೇಳುವುದು. ಮದುವೆಯಾದ ಹೊಸದರಲ್ಲಿ ಅವರಿಗೆ ಮೂರು ದಿನ ಜ್ವರ ಬಂದಿತ್ತು. ಸಾಕ್ಷಿ ಹೇಳುವಾಗ ಅದು ವರ್ಷ ವರ್ಷಕ್ಕೂ ಬೆಳೆದು ಹದಿನೈದು ದಿನವಾಯಿತು, ಡಾಕ್ಟರು ಕೈಬಿಟ್ಟರು, ಬಂಧುಗಳು ಬಂದು ಸುತ್ತ ನಿಂತರು. ಪಕ್ಕದಲ್ಲೇ ಕೂತು ಗಂಜಿ ಕುಡಿಸಿದ್ದ ಅಮ್ಮ ಒಮ್ಮೆ, ನೆಗಡಿ ಜ್ವರಕ್ಕೆ ಇಷ್ಟೆಲ್ಲ ಜನ ಯಾವಾಗ ಬಂದಿದ್ದರು ಅಂದದ್ದಕ್ಕೆ ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು. ನಾವು ನಕ್ಕು ಸುಮ್ಮನಾದೆವು. ನಗಬಾರದಿತ್ತು.

ಯಾಕೆಂದರೆ ಇದೇ ಸಡಿಲ ನಾಲಿಗೆ ಬುಧವಾರದ ಪ್ರಾರ್ಥನಾ ಕೂಟಕ್ಕೂ ಬಂತು. ಕೂಟ ನಡೆಯುತ್ತಿದ್ದದ್ದು ನಮ್ಮ ಮನೆಯ ಹಾಲಿನಲ್ಲೇ, ಸಂಜೆ ಆರಕ್ಕೆ. ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ. ಹಾಡು, ಬೈಬಲ್ ವಾಕ್ಯ, ಆಮೇಲೆ ಪ್ರಾರ್ಥನೆಯ ವಿಷಯಗಳು. ಅಪ್ಪ ದನಿ ತಗ್ಗಿಸಿ, ಒಬ್ಬ ಸಹೋದರನಿಗೆ ಸಕ್ಕರೆ ಕಾಯಿಲೆ ಏರಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ, ಹೆಸರು ಬೇಡ, ದೇವರಿಗೆ ಗೊತ್ತು ಅನ್ನುತ್ತಿದ್ದರು. ಇಡೀ ಹಾಲಿನ ಕಿವಿ ನೆಟ್ಟಗಾಗುತ್ತಿತ್ತು. ಕೂಟ ಮುಗಿದು ಚಪ್ಪಲಿ ಹುಡುಕುವಷ್ಟರಲ್ಲಿ ಆ ಸಹೋದರ ಯಾರು, ಯಾವ ಬೀದಿ, ಹೆಂಡತಿ ಯಾರ ಕಡೆಯವಳು, ಎಲ್ಲ ಇತ್ಯರ್ಥವಾಗಿರುತ್ತಿತ್ತು. ನನ್ನದೂ ಹೇಳಿಬಿಡುತ್ತೇನೆ: ಊಟದ ಹೊತ್ತಿಗೆ, ಅಪ್ಪಾ ಅದು ಯಾರು ಎಂದು ಕೇಳಿ ತಿಳಿದುಕೊಂಡು ಚಪ್ಪರಿಸಿದವಳು ನಾನೂ ಹೌದು.

ನಾನು ಕೆಲಸ ಮಾಡುವ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಒಬ್ಬ ಟೀಚರ್ ಇದ್ದಾರೆ. ನನ್ನದು ಎರಡನೇ ಕ್ಲಾಸು, ಅವರದು ಪಕ್ಕದ ಕೋಣೆ. ಅವರೂ ನಮ್ಮ ಸಭೆಯವರೇ. ಆರು ವರ್ಷದ ಹಿಂದೆ ಗಂಡ ಅಪಘಾತದಲ್ಲಿ ಹೋದರು, ಎರಡು ಹೆಣ್ಣುಮಕ್ಕಳು. ಆಗ ಅವರ ಮನಸ್ಸು ಕುಸಿದುಹೋಗಿತ್ತಂತೆ. ದೊಡ್ಡಾಸ್ಪತ್ರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು ಚಿಕ್ಕ ಮಾತ್ರೆ, ಅದರ ಬಲದಿಂದ ಅವರು ಎದ್ದು ನಿಂತರು, ಮಕ್ಕಳನ್ನು ಸಾಕಿದರು, ಪಾಠ ಮಾಡಿದರು. ಅವರು ಕಾಗದ ಮಡಚಿ ಮಡಚಿ ಭಿನ್ನರಾಶಿ ಕಲಿಸುವುದನ್ನು ನೋಡಲು ನಾನೇ ಎಷ್ಟೋ ಸಲ ಬಾಗಿಲಲ್ಲಿ ನಿಂತಿದ್ದೇನೆ. ಮಾತ್ರೆಯ ವಿಷಯ ಅವರು ಯಾರಿಗೂ ಹೇಳಿರಲಿಲ್ಲ. ಕೊಳ್ಳುತ್ತಿದ್ದದ್ದು ಮಾತ್ರ ನಮ್ಮಪ್ಪನ ಅಂಗಡಿಯಲ್ಲಿ. ಸಭೆಯ ಹಿರಿಯರು, ನಂಬಬಹುದು ಅನ್ನುವ ಧೈರ್ಯದಿಂದ.

ಒಂದು ಬುಧವಾರ ಅಪ್ಪ ಪ್ರಾರ್ಥನೆಗೆ ಇಟ್ಟದ್ದು ಇದು: ಶಾಲೆಯಲ್ಲಿ ಕೆಲಸ ಮಾಡುವ ಒಬ್ಬ ಸಹೋದರಿ, ಯಜಮಾನರಿಲ್ಲ, ಎರಡು ಹೆಣ್ಣುಮಕ್ಕಳು, ಮನಸ್ಸಿನ ಕಾಯಿಲೆಗೆ ದಿನಾ ಮಾತ್ರೆ ನುಂಗಿಯೇ ಜೀವನ. ಹೆಸರು ಬೇಡ.

ಆವತ್ತು ನಾನು ಒಳಗೆ ಕೋಣೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಹಾಲಿನಲ್ಲಿದ್ದಿದ್ದರೆ ತಡೆಯುತ್ತಿದ್ದೆನೇ ಎಂದು ಕೇಳಿದರೆ ಎದೆ ಮುಟ್ಟಿಕೊಂಡು ಹೌದು ಅನ್ನಲಾರೆ.

ಸೋಮವಾರ ಬೆಳಿಗ್ಗೆ ನಾಲ್ವರು ತಾಯಂದಿರು ಹೆಡ್ ಮಿಸ್ ಕೋಣೆಯಲ್ಲಿದ್ದರು. ಅವರಲ್ಲಿ ಇಬ್ಬರು ನಮ್ಮ ಬುಧವಾರದ ಕೂಟದವರೇ. ಮಾತ್ರೆ ತಪ್ಪಿದರೆ ಆ ಟೀಚರಮ್ಮ ಮಕ್ಕಳಿಗೆ ಏನಾದರೂ ಮಾಡಿಬಿಟ್ಟರೆ ಯಾರು ಹೊಣೆ ಎಂದರಂತೆ. ಆರು ವರ್ಷದಲ್ಲಿ ಒಂದು ಮಗುವಿನ ಕಿವಿ ಸಹ ಹಿಂಡದ ಹೆಂಗಸಿನ ಬಗ್ಗೆ! ಹೆಡ್ ಮಿಸ್ ಯಾರನ್ನೂ ವಿಚಾರಿಸಲಿಲ್ಲ. ಸ್ವಲ್ಪ ದಿನ ಅಂತ ಹೇಳಿ ಟೀಚರನ್ನು ಪುಸ್ತಕದ ಕೋಣೆಗೆ ಹಾಕಿದರು. ಹಳೇ ಪುಸ್ತಕಗಳಿಗೆ ರಟ್ಟು ಹಾಕಿ ಚೀಟಿ ಅಂಟಿಸುವ ಕೆಲಸ. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯವರು ಗಾಳಿ ಬರುವುದಿಲ್ಲ ಎಂದು ಕಿಟಕಿಯ ಕಡೆ ಸರಿದರು.

ಟೀಚರ್ ನನ್ನ ಹತ್ತಿರ ಬಂದು, ಇವರಿಗೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದರು. ಕೂಟದ ಆ ಇಬ್ಬರನ್ನು ನೋಡಿದಾಗಲೇ ನನಗೆ ಅಂದಾಜಾಗಿತ್ತು. ಆದರೂ ನನಗೆ ಗೊತ್ತಿಲ್ಲ ಅಂದೆ. ಅಪ್ಪನ ಮಗಳೇ ಸರಿ.

ತಾನು ನೆಟ್ಟಗಿದ್ದೇನೆ ಎಂದು ತೋರಿಸಬೇಕೆಂಬ ಹಟಕ್ಕೆ ಬಿದ್ದು ಟೀಚರ್ ಮಾತ್ರೆ ನಿಲ್ಲಿಸಿಬಿಟ್ಟರು. ಡಾಕ್ಟರನ್ನೂ ಕೇಳಲಿಲ್ಲ. ಮೊದಲು ನಿದ್ದೆ ಹೋಯಿತು, ಆಮೇಲೆ ಊಟ. ಮೂರನೇ ವಾರದ ಕೊನೆಗೆ ಒಂದು ಬೆಳಿಗ್ಗೆ ಪುಸ್ತಕದ ಕೋಣೆಯ ನೆಲದ ಮೇಲೆ ಅವರು ಕೂತಿದ್ದರು. ಸುತ್ತ ಪುಸ್ತಕ, ಕೈಯಲ್ಲಿ ಗೋಂದಿನ ಬಾಟಲಿ, ಅಳು ನಿಲ್ಲುತ್ತಿಲ್ಲ, ಏಳಲು ಆಗುತ್ತಿಲ್ಲ. ಅವರ ಅಕ್ಕನಿಗೆ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದೆವು. ಗೇಟಿನ ಹತ್ತಿರ ನಿಂತಿದ್ದ ಒಬ್ಬ ತಾಯಿ, ನಾವು ಮೊದಲೇ ಹೇಳಿರಲಿಲ್ಲವಾ ಎಂದು ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು.

ಆ ಸಂಜೆ ಅಪ್ಪ ಚಹಾಕ್ಕೆ ಮನೆಗೆ ಬಂದಾಗ ನಾನು ಬ್ಯಾಗು ಕೂಡ ಕೆಳಗಿಟ್ಟಿರಲಿಲ್ಲ. ನಡೆದದ್ದನ್ನು ಹೇಳಿದೆ. ಅಪ್ಪ ಕನ್ನಡಕ ತೆಗೆದು, ಅಯ್ಯೋ ಪಾಪ, ಈ ಬುಧವಾರ ಅವರಿಗಾಗಿ ವಿಶೇಷ ಪ್ರಾರ್ಥನೆ ಇಡೋಣ ಅಂದರು. 

"ಇನ್ನೂ ಸಾಲದಾ ಅಪ್ಪಾ? ಹೋದ ಸಲ ನೀವು ಪ್ರಾರ್ಥನೆಗೆ ಇಟ್ಟಿದ್ದಕ್ಕೇ ಅವರು ಆಸ್ಪತ್ರೆ ಸೇರಿರೋದು."

"ನಾನು ಹೆಸರು ಹೇಳಿದ್ನಾ?"

"ನಮ್ಮ ಶಾಲೇಲಿ ಗಂಡ ಇಲ್ಲದೆ, ಎರಡು ಹೆಣ್ಣುಮಕ್ಕಳಿರೋ ಟೀಚರು ಎಷ್ಟು ಜನ ಇದ್ದಾರೆ, ನೀವೇ ಹೇಳಿ."

ಅಪ್ಪ ಕನ್ನಡಕ ಒರೆಸುತ್ತಾ, "ಪ್ರಾರ್ಥನೆಗೆ ತಾನೆ ಹೇಳಿದ್ದು? ಕೆಟ್ಟ ಮನಸ್ಸಿಂದ ಹೇಳ್ಲಿಲ್ಲವಲ್ಲ" ಅಂದರು.

"ಸರಿ. ಆ ಬುಧವಾರದಿಂದ ಇವತ್ತಿನವರೆಗೆ ಅವರಿಗೋಸ್ಕರ ನೀವು ಎಷ್ಟು ಸಲ ಪ್ರಾರ್ಥನೆ ಮಾಡಿದ್ರಿ?"

ಉತ್ತರ ಕೊಟ್ಟದ್ದು ಅಮ್ಮ. ಚಹಾದ ಕಪ್ಪು ಮೇಜಿನ ಮೇಲಿಟ್ಟು, "ಒಂದು ಸಲಾನೂ ಇಲ್ಲ. ನಾನು ಪಕ್ಕದಲ್ಲೇ ಇರ್ತೀನಲ್ಲ" ಅಂದರು. ದನಿಯಲ್ಲಿ ಕೋಪವೂ ಇರಲಿಲ್ಲ.

ಅಪ್ಪ ಚಹಾ ಮುಟ್ಟದೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಹೋದರು. ಆ ಬುಧವಾರ ಮೈ ಸರಿಯಿಲ್ಲ ಎಂದು ಹೇಳಿ ಕೂಟ ರದ್ದು ಮಾಡಿದರು. ಅದೂ ಸುಳ್ಳೇ.

ಆದರೆ ಗುರುವಾರ ಬೆಳಿಗ್ಗೆ ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಏನಾಯಿತೆಂದು ಎಷ್ಟೋ ದಿನದ ಮೇಲೆ ಅವರೇ ನನಗೆ ಹೇಳಿದರು. ಮೊಣಕಾಲೂರಿ ಕಣ್ಣು ಮುಚ್ಚಿದರಂತೆ. ಬಾಯಿ ತಾನಾಗಿಯೇ, ಪರಲೋಕದ ತಂದೆಯೇ, ಈ ಸಂಜೆ ಇಲ್ಲಿ ಕೂಡಿಬಂದಿರುವ ನಾವೆಲ್ಲರೂ ಎಂದು ಶುರುಮಾಡಿತಂತೆ. ಕಣ್ಣು ತೆರೆದರೆ ಬೆಳಗಿನ ಏಳು ಗಂಟೆ, ಕೋಣೆಯಲ್ಲಿ ಅವರೊಬ್ಬರೇ. ಮತ್ತೆ ಪ್ರಯತ್ನಿಸಿದರು, ಮತ್ತೆ ಅದೇ ಕೂಟದ ಮಾತು. ಜನರಿಗೆ ಕೇಳಿಸಲೆಂದು ಎಷ್ಟು ವರ್ಷ ಪ್ರಾರ್ಥಿಸಿದ್ದರೆಂದರೆ, ದೇವರೊಬ್ಬನೇ ಇದ್ದಾಗ ಆಡಲು ಅವರ ಹತ್ತಿರ ಒಂದು ವಾಕ್ಯವೂ ಉಳಿದಿರಲಿಲ್ಲ. ಅರ್ಧ ಗಂಟೆ ಹಾಗೇ ಸುಮ್ಮನೆ ಮೊಣಕಾಲ ಮೇಲಿದ್ದು ಎದ್ದರಂತೆ.

ಹಿರಿಯರ ಸ್ಥಾನ ಬಿಡುತ್ತೇನೆಂದು ಹೇಳಲು ಅಪ್ಪ ಚರ್ಚಿನ ಸಭಾಪಾಲಕರ ಮನೆಗೆ ಹೋದರು. ಆ ಪುಣ್ಯಾತ್ಮರು ಬೆನ್ನು ತಟ್ಟಿ, ಇದೇನು ಮಹಾ, ಸಣ್ಣ ವಿಷಯವನ್ನು ಸೈತಾನ ದೊಡ್ಡದು ಮಾಡುತ್ತಾನೆ, ನಿಮ್ಮಂಥವರೇ ಕೈಬಿಟ್ಟರೆ ಸಭೆಯ ಗತಿ ಏನು ಎಂದು ಕಳಿಸಿದರು. ಈ ಸಣ್ಣ ವಿಷಯ ಅನ್ನುವ ಮಾತನ್ನು ಹುಟ್ಟಿಸಿದವರು ಎದುರಿಗೆ ಸಿಕ್ಕರೆ ಆ ಪುಸ್ತಕದ ಕೋಣೆಯ ನೆಲವನ್ನು ಒಮ್ಮೆ ತೋರಿಸುತ್ತೇನೆ.

ಭಾನುವಾರ ಸಾಕ್ಷಿಯ ಹೊತ್ತಿಗೆ ಅಪ್ಪ ಯಾರನ್ನೂ ಕೇಳದೆ ಎದ್ದು ನಿಂತರು. ಪ್ರಾರ್ಥನೆಯ ಹೆಸರಿನಲ್ಲಿ ಜನರ ಗುಟ್ಟು ಬಿಟ್ಟುಕೊಟ್ಟಿದ್ದೇನೆ, ಗೇಟು ದಾಟದೆ ಮನೆಭೇಟಿ ಮಾಡಿದೆ ಎಂದಿದ್ದೇನೆ, ನನಗೆ ಬಂದಿದ್ದು ಮೂರೇ ದಿನದ ಜ್ವರ ಎಂದರು. ಜ್ವರದ ಮಾತಿಗೆ ನಾಲ್ಕು ಜನ ನಕ್ಕರು. ಮುಂದಿನ ಬೆಂಚಿನಿಂದ ಯಾರೋ ಜೋರಾಗಿ 'ದೇವರಿಗೆ ಸ್ತೋತ್ರ' ಅಂದರು. ಹಿಂದೆಯೇ ಹತ್ತು ಜನ ಅಂದರು. ಎಂಥಾ ದೀನತೆ ಎಂದು ನನ್ನ ಹಿಂದಿನ ಸಾಲಿನ ಹೆಂಗಸು ಕಣ್ಣೊರೆಸಿಕೊಂಡಳು. ಹೆಡ್ ಮಿಸ್ ಕೋಣೆಗೆ ಹೋಗಿದ್ದ ನಾಲ್ವರಲ್ಲಿ ಅವಳೂ ಒಬ್ಬಳು.

"ದಯವಿಟ್ಟು ಸ್ತೋತ್ರ ಹೇಳಬೇಡಿ," ಅಂದರು ಅಪ್ಪ. "ನಾನು ಒಬ್ಬರ ಅನ್ನಕ್ಕೆ ಕಲ್ಲು ಹಾಕಿದ್ದೀನಿ. ಕೇಳಿಸಿಕೊಂಡವರೂ ಹಾಕಿದ್ದೀರಿ."

ಸಭಾಪಾಲಕರು ಬೇಗ ಹಾಡು ಎತ್ತಿದರು. ಹೊರಗೆ ಬಂದಾಗ ಅಪ್ಪನ ಕೈ ಕುಲುಕಲು ಅರ್ಧಕ್ಕರ್ಧ ಜನ ಬರಲಿಲ್ಲ. ಅಪ್ಪ ಜನರ ಗುಟ್ಟು ಹಂಚುತ್ತಿದ್ದಾಗ ಯಾರಿಗೂ ಕೋಪ ಬಂದಿರಲಿಲ್ಲ. ಹಂಚಿದ್ದೇನೆ ಎಂದು ಒಪ್ಪಿಕೊಂಡಾಗ ಬಂತು.

ಟೀಚರ್ ಆಸ್ಪತ್ರೆಯಿಂದ ಅವರ ಅಕ್ಕನ ಮನೆಗೆ ಬಂದ ಮೇಲೆ ಅಪ್ಪ ಅಲ್ಲಿಗೆ ಹೋದರು. ಜೊತೆಗೆ ನಾನೂ. ಮಕ್ಕಳು ಹೋಮ್‌ವರ್ಕ್ ಮಾಡುತ್ತಿದ್ದ ಮೇಜಿನ ಪಕ್ಕ ನಮಗೆ ಕುರ್ಚಿ ಹಾಕಿದರು, ಮಕ್ಕಳನ್ನು ಒಳಗೆ ಕಳಿಸಿದರು. ಅಪ್ಪ ಸುತ್ತುಬಳಸದೆ ಹೇಳಿದರು: ನಿಮ್ಮ ವಿಷಯ ಹೊರಗೆ ಬಂದಿದ್ದು ನನ್ನ ಬಾಯಿಂದ, ನಿಮಗಾಗಿ ಪ್ರಾರ್ಥಿಸುತ್ತೇವೆ ಎಂದು ಹೇಳಿ ನಾನು ಪ್ರಾರ್ಥಿಸಲೂ ಇಲ್ಲ. ನಾನೂ, ಅವತ್ತು ನೀವು ಕೇಳಿದಾಗ ಗೊತ್ತಿದ್ದೂ ಗೊತ್ತಿಲ್ಲ ಅಂದೆ ಎಂದು ಒಪ್ಪಿಕೊಂಡೆ.

ಟೀಚರ್ ಮಕ್ಕಳ ತೆರೆದ ಪುಸ್ತಕಗಳನ್ನು ಒಂದೊಂದಾಗಿ ಮುಚ್ಚಿಟ್ಟರು. ಆಮೇಲೆ, "ಕ್ಷಮಿಸ್ತೀನಿ ಅಣ್ಣ. ಇವತ್ತೇ ಪೂರ್ತಿ ಆಗುತ್ತೆ ಅಂತ ಹೇಳಲ್ಲ. ಆದರೆ ಇನ್ಮೇಲೆ ಮಾತ್ರೆ ಬೇರೆ ಅಂಗಡೀಲಿ ತಗೋತೀನಿ" ಅಂದರು. ಅಪ್ಪ ತಲೆಯಾಡಿಸಿದರು.

ನಾನು ಮತ್ತು ಇನ್ನಿಬ್ಬರು ಟೀಚರುಗಳು ಡಾಕ್ಟರ ಪತ್ರವನ್ನೂ ಜೋಡಿಸಿ ಆಡಳಿತ ಮಂಡಳಿಗೆ ಬರೆದುಕೊಟ್ಟೆವು. ಈ ಕೆಲಸವನ್ನು ಮೊದಲ ಸೋಮವಾರವೇ ಮಾಡಬಹುದಿತ್ತು. ರಜೆ ಮುಗಿದ ಮೇಲೆ ಟೀಚರಿಗೆ ಅವರ ನಾಲ್ಕನೇ ಕ್ಲಾಸು ಸಿಕ್ಕಿತು. ಮೂರು ಮನೆಯವರು ಮಕ್ಕಳನ್ನು ಬೇರೆ ಸೆಕ್ಷನ್ನಿಗೆ ಹಾಕಿಸಿದರು. ಉಳಿದ ಮೂವತ್ತನಾಲ್ಕು ಮಕ್ಕಳು ಈಗ ಕಾಗದ ಮಡಚುತ್ತಿದ್ದಾರೆ. ಆದರೆ ಟೀಚರ್ ಈಗ ನಮ್ಮ ಚರ್ಚಿಗೆ ಬರುವುದಿಲ್ಲ, ಬನ್ನಿ ಎಂದು ಕರೆಯಲು ನನಗೆ ಮುಖವೂ ಇಲ್ಲ.

ಅಪ್ಪ ಹಿರಿಯರ ಸ್ಥಾನ ಬಿಟ್ಟರು. ಬುಧವಾರದ ಕೂಟ ಈಗ ಇನ್ನೊಬ್ಬರ ಮನೆಯಲ್ಲಿ. ಬೆಳಿಗ್ಗೆ ಬಾಗಿಲು ಮುಚ್ಚಿರುತ್ತದೆ. ಒಳಗಿಂದ ಮಾತು ಕೇಳಿಸುವುದು ಕಡಿಮೆ. ಪೂರ್ತಿ ಬದಲಾದರು ಎಂದು ಹೇಳುವುದಿಲ್ಲ. ಹಳೇ ಚಾಳಿ ತುಟಿಯವರೆಗೆ ಬಂದು ನಿಲ್ಲುವುದನ್ನು ವಾರಕ್ಕೆರಡು ಸಲ ನೋಡುತ್ತೇನೆ.

ಮೊನ್ನೆ ನಾನು ಅಂಗಡಿಯಲ್ಲಿದ್ದಾಗ ನಮ್ಮ ಸಭೆಯ ಹೆಂಗಸೊಬ್ಬರು ಬಂದರು. ಆಗಷ್ಟೇ ಅಂಗಡಿ ಮೆಟ್ಟಿಲಿಳಿದು ಹೋದ ಹುಡುಗಿ ಏನು ಮಾತ್ರೆ ತೆಗೆದುಕೊಂಡಳು, ಪ್ರಾರ್ಥನೆ ಮಾಡೋಣ ಅಂತ ಕೇಳಿದೆ ಅಂದರು. ಅಪ್ಪ ಅಭ್ಯಾಸಬಲದಿಂದ, "ನೆನಪಿಲ್ಲಮ್ಮ" ಅಂದರು. ಅಂದವರು ಅಲ್ಲಿಗೇ ತಡೆದು, ಕನ್ನಡಕ ಸರಿಮಾಡಿಕೊಂಡು, "ಇಲ್ಲ, ನೆನಪಿದೆ. ಹೇಳಲ್ಲ" ಅಂದರು.

ಆಕೆ ಮುಖ ಗಂಟಿಕ್ಕಿಕೊಂಡು, ಕೆಮ್ಮಿನ ಔಷಧಿಯನ್ನೂ ಕೌಂಟರಿನ ಮೇಲೇ ಬಿಟ್ಟು, ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು.