ಶ್ಯಾಮಣ್ಣನ ಮೂರು ಚಕ್ರದ ಗಾಡಿ

ಹೊಸೂರಿನ ಶ್ಯಾಮಣ್ಣನವರ ಮೋಟಾರ್ ಸೈಕಲ್ಲಿಗೆ ಪಕ್ಕದಲ್ಲಿ ತೊಟ್ಟಿಲಿನಂಥ ಸೀಟು, ಅದಕ್ಕೊಂದು ಮೂರನೆಯ ಚಕ್ರ. ಸೀಟಿಗೆ ಕೆಂಪು ಮಖಮಲ್ಲು, ಬಿಸಿಲಿಗೆ ಛತ್ರಿ, ಕಾಫಿ ಫ್ಲಾಸ್ಕಿಗೆ ಬೇರೆಯೇ ಗೂಡು. ರಜೆ ಬಂತೆಂದರೆ ಹೆಂಡತಿ ಅಕ್ಕಯಮ್ಮನವರನ್ನು ಅದರಲ್ಲಿ ಮಹಾರಾಣಿಯಂತೆ ಕೂರಿಸಿಕೊಂಡು ಕೃಷ್ಣಗಿರಿಗೋ, ಮನಸ್ಸಾದರೆ ಮದರಾಸಿಗೋ ಹೊರಟುಬಿಡುತ್ತಿದ್ದರು. ದಾರಿಯುದ್ದಕ್ಕೂ ಇಂಜಿನ್ನಿಗಿಂತ ಜೋರಾಗಿ ಶ್ಯಾಮಣ್ಣನವರದೇ ಗಂಟಲು: "ಎಮ್ಮೆ ಅಡ್ಡ ಬಂತು. ಲಾರಿ ಮೇಲೆ ಕುರಿಗಳು ಕೂತವೆ." ಹೊಲದಲ್ಲಿದ್ದವರು ಕೇಳಿ ನಗುತ್ತಿದ್ದರು. ಅಕ್ಕಯಮ್ಮನವರಿಗೆ ಕಣ್ಣು ಕಾಣದೆ ವರ್ಷಗಳಾಗಿದ್ದುದು ಆ ನಗುವವರಿಗೇನು ಗೊತ್ತು? ಕಾರ್ಖಾನೆಗಳು ಬರತೊಡಗಿದಾಗ ಆಕೆಗೆ ಇಷ್ಟವಾದ ಮಾವಿನ ತೋಪನ್ನು ಕಡಿದುಹಾಕಿದರು. ಶ್ಯಾಮಣ್ಣ ಅಲ್ಲಿ ಗಾಡಿ ನಿಧಾನಿಸಿ, "ತೋಪೆಲ್ಲಾ ಹೂ ಬಿಟ್ಟೈತೆ ಕಣೇ," ಎಂದರು. ಅಕ್ಕಯಮ್ಮ ಆ ಕಡೆಗೆ ಮುಖ ತಿರುಗಿಸಿದರು. "ವಾಸನೆನೇ ಇಲ್ಲ, ಕಡಿದವ್ರೆ ಅಂತ ಗೊತ್ತಾಯ್ತು. ಆದ್ರೂ ನೀವು ಯೋಳಿ, ಕೇಳ್ತೀನಿ."