ಗುಲಾಬಿ ಬಣ್ಣಕ್ಕೆ ತಿರುಗಿದ ಬಾವುಟ

ಸುಟ್ಟ ರಬ್ಬರಿನ ವಾಸನೆ ಎಲ್ಲಿ ಬಂದರೂ ನನಗೆ ಕೆಂಡಲ್ ಪಾರ್ಕ್ ಎಂಬ ಊರಿನ ನಮ್ಮ ಹಳೆಯ ಮನೆಯ ಲಾಂಡ್ರಿ ಕೋಣೆ ನೆನಪಾಗುತ್ತದೆ. ಬಿಟ್ಟುಬಂದ ಮನೆಯ ಬಾಗಿಲು ತೆರೆಯುವ ಅಂಥದೊಂದು ವಾಸನೆ ನಿಮಗೂ ಇರಬಹುದು. ಭಾನುವಾರ ಬೆಳಿಗ್ಗೆ ಅಮ್ಮ ಅಲ್ಲಿ ಅಪ್ಪನ ಬಾವುಟಗಳನ್ನು ಒಗೆಯುತ್ತಿದ್ದಳು. ಹಸಿರು, ಹಳದಿ, ಕೆಂಪು, ಕಪ್ಪು-ಬಿಳಿ ಚೌಕಳಿಯದು. ಮಷೀನಿನ ಮುಚ್ಚಳ ತೆಗೆದರೆ ಸೋಪಿನ ಪರಿಮಳದ ಅಡಿಯಿಂದ ರಬ್ಬರು, ಪೆಟ್ರೋಲು ಮೆಲ್ಲಗೆ ಮೇಲೇಳುತ್ತಿದ್ದವು. ಬಿಳಿಯದನ್ನು ಮಾತ್ರ ಬೇರೆಯಾಗಿ ಹಾಕುತ್ತಿದ್ದಳು. ಅದು ಮೈಸೂರಿನಿಂದ ತಂದ ಶಿಸ್ತು. ಒಣಗಿದ ಮೇಲೆ ಕೋಲಿಗೆ ಬಿಗಿಯಾಗಿ ಸುತ್ತಿಡುವವಳೂ ಅವಳೇ.

ಅಪ್ಪ ವಾರವಿಡೀ ಮಾರಿಸ್‌ಟೌನಿನ ಕಂಪನಿಯೊಂದಕ್ಕೆ ಕಮ್ಯೂಟ್ ಮಾಡುತ್ತಿದ್ದರು. ಗ್ರೀನ್ ಕಾರ್ಡಿಗೆ ಕಾಯುತ್ತಿದ್ದವರು. ಆ ಕೆಲಸ ಬಿಟ್ಟರೆ ದೇಶವನ್ನೇ ಬಿಡಬೇಕಾದೀತು. ಮ್ಯಾನೇಜರ್ ಏನೇ ಹೇಳಲಿ, ‘ಶೂರ್’ ಎನ್ನುತ್ತಿದ್ದರು. ಶನಿವಾರ ಸಂಜೆ ಮಾತ್ರ ಊರಾಚೆಯ ಸಣ್ಣ ಸ್ಟಾಕ್ ಕಾರ್ ರೇಸ್ ಟ್ರ್ಯಾಕಿನಲ್ಲಿ, ಓಟ ಶುರುವಾಗುವ ಗೆರೆಯ ಮೇಲಿದ್ದ ಕಬ್ಬಿಣದ ಗೂಡಿಗೆ ಏಣಿ ಹತ್ತುತ್ತಿದ್ದರು. ಸಂಬಳವಿಲ್ಲದ ಕೆಲಸ. ಅವರು ಹಸಿರು ಬೀಸಿದರೆ ಕಾರುಗಳು ಹೊರಡುತ್ತಿದ್ದವು, ಕೆಂಪು ತೋರಿದರೆ ನಿಲ್ಲುತ್ತಿದ್ದವು. ಓಟ ಮುಗಿಯುವವರೆಗೆ ಫ್ಲ್ಯಾಗ್‌ಮನ್ ಕೆಳಗಿಳಿಯುವಂತಿಲ್ಲ. “ಆ ಗೂಡಲ್ಲಿ ನಿಂತಾಗ್ಲೇ ಕಣೇ ನಾನು ಹೊರಗಿರೋದು,” ಎಂದು ಒಮ್ಮೆ ನನಗೆ ಹೇಳಿದ್ದರು.

ಒಂದು ಬೇಸಿಗೆಯಲ್ಲಿ ಕಳಚಿಕೊಂಡ ಚಕ್ರವೊಂದು ಹಾರಿಬಂದು ಗೂಡಿನ ಸರಳಿಗೆ ಬಡಿಯಿತು. ಅಪ್ಪನಿಗೆ ಏನೂ ಆಗಲಿಲ್ಲ. ಅಮ್ಮನಿಗೆ ಆಯಿತು.

“ಸಾಕು ರೀ ಇನ್ನು. ನಿಮಗೇನಾದ್ರೂ ಆದ್ರೆ ನಮ್ಮಿಬ್ಬರ ವೀಸಾನೂ ನಿಮ್ಮ ಜೊತೇನೇ ಹೋಗುತ್ತೆ.”

“ಈ ಸೀಸನ್ ಒಂದು, ಸುಮಾ.”

“ಹೋದ ವರ್ಷಾನೂ ‘ಈ ಸೀಸನ್ ಒಂದು’ ಅಂದಿದ್ರಿ.”

ಮರು ಶನಿವಾರ ನಾನೂ ಅಮ್ಮನೂ ಮೆಟ್ಟಿಲ ಸಾಲಿನಲ್ಲಿ ಕೂತಿದ್ದೆವು. ಕೊನೆಯ ಸುತ್ತು ಎಂದು ತಿಳಿಸುವ ಬಿಳಿ ಬಾವುಟವನ್ನು ಅಪ್ಪ ಬಿಚ್ಚಿದಾಗ ಅದು ಗುಲಾಬಿಯಾಗಿತ್ತು. ಕೆಂಪೆಂದು ತಿಳಿದು ಯಾರಾದರೂ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುತ್ತಿದ್ದರು. ಕಾರುಗಳು ಆಗಲೇ ತಿರುವಿಗೆ ಬಂದಿದ್ದವು. ಅಪ್ಪ ತೊಟ್ಟಿದ್ದ ಬಿಳಿ ಅಂಗಿ ಕಳಚಿ, ಬನಿಯನ್ನಿನಲ್ಲಿ ನಿಂತು, ಅದನ್ನೇ ಬೀಸಿದರು. ಜನ ಶಿಳ್ಳೆ ಹೊಡೆದು ನಕ್ಕರು. ಅಮ್ಮ ಎದ್ದು ನಿಂತಿದ್ದಳು.

ಮನೆಗೆ ಮರಳುವಾಗ ಕಾರಿನಲ್ಲಿ ಅವಳೇ ಬಾಯಿಬಿಟ್ಟಳು. “ಬಿಳೀದನ್ನ ಬೇಕಂತ್ಲೇ ಕೆಂಪಿನ ಜೊತೆ ಹಾಕಿದ್ದೆ. ಹೊರಡೋ ಮುಂಚೆ ಬಿಚ್ಚಿ ನೋಡ್ತೀರಿ, ಸಿಟ್ಟು ಮಾಡ್ಕೊಂಡಾದ್ರೂ ಮನೇಲೇ ಉಳೀತೀರಿ ಅಂದ್ಕೊಂಡೆ. ಆಮೇಲೆ ಹೇಳೋ ಧೈರ್ಯ ಬರ್ಲಿಲ್ಲ.”

ರೂಟ್ ಒನ್ ಹೆದ್ದಾರಿಯ ಕೆಂಪು ದೀಪ ಹಸಿರಾದಾಗ ಅಪ್ಪ ಕಾರನ್ನು ಮುಂದಕ್ಕೆ ಬಿಟ್ಟರು. ಆಮೇಲೆ, “ನೀನು ಒಗೆದಿದ್ದನ್ನ ನಾನು ಯಾವತ್ತು ಬಿಚ್ಚಿ ನೋಡಿದೀನಿ?” ಎಂದರು.

ಅವರು ಮತ್ತೆ ಆ ಏಣಿ ಹತ್ತಲಿಲ್ಲ. ಶನಿವಾರ ಸಂಜೆಗಳಲ್ಲಿ ಮನೆಯ ಹಿಂದಿನ ಮರದ ಡೆಕ್ಕಿನ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಕೆಳಗೆ ಬರೀ ಹುಲ್ಲು. ಹಲವು ವರ್ಷಗಳ ಮೇಲೆ ಗ್ರೀನ್ ಕಾರ್ಡ್ ಬಂದಾಗ ಅಮ್ಮನೇ, “ಈಗ ಹೋಗ್ಬನ್ನಿ,” ಎಂದಳು. ಅಷ್ಟರಲ್ಲಿ ಟ್ರ್ಯಾಕಿದ್ದ ಜಾಗದಲ್ಲಿ ವೇರ್‌ಹೌಸ್ ಎದ್ದಿತ್ತು.

ಈಗ ಅಪ್ಪ ಇಲ್ಲ, ಆ ಮನೆ ಬೇರೆಯವರದು. ನನ್ನ ಅಪಾರ್ಟ್‌ಮೆಂಟಿನಲ್ಲಿ ಅಮ್ಮ ಇಂದಿಗೂ ಬಿಳಿ ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯುತ್ತಾಳೆ. ಮಡಚುವ ಮೊದಲು ಒಂದೊಂದನ್ನೂ ಪೂರ್ತಿ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ.